ಬರಿಮೋಡದ ಗೆರೆ

ನಮ್ಮೂರಿನಲ್ಲಿ ಬೆಂಕಿಕಡ್ಡಿ ಗೀರುವುದೂ ಒಂದು ಉದ್ಯೋಗ. ಅಪ್ಪ ಅದನ್ನೇ ಮಾಡಿದ, ಅಪ್ಪ ಹೋದಮೇಲೆ ನಾನು ಮಾಡಿದೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಬೆಳಗ್ಗೆ ಎದ್ದು ಮುಖ ತೊಳೆದು, ಮಡಿಲಿಗೆ ನಾಲ್ಕು ಕಡ್ಡಿಪೆಟ್ಟಿಗೆ ಸಿಕ್ಕಿಸಿಕೊಂಡು, ಹೆಗಲಿಗೆ ಸುಣ್ಣದ ಪುಡಿಯ ಚೀಲ ಇಳಿಬಿಟ್ಟುಕೊಂಡು ಹೊರಡಬೇಕು. ಹತ್ತು ಹೆಜ್ಜೆಗೊಮ್ಮೆ ನಿಂತು ಕಡ್ಡಿ ಗೀರಬೇಕು. ಹತ್ತಿಕೊಂಡರೆ ಊದಿ ಎಸೆದು ಮುಂದಿನ ಹತ್ತು ಹೆಜ್ಜೆ. ಹತ್ತದಿದ್ದರೆ ಅಲ್ಲೇ ಎರಡನೆಯ ಕಡ್ಡಿ, ಅದೂ ಹತ್ತದಿದ್ದರೆ ಮೂರನೆಯದು. ಮೂರೂ ಹತ್ತಲಿಲ್ಲವೆಂದರೆ ಅಲ್ಲಿ ಬರಿಮೋಡ ನಿಂತಿದೆ ಎಂದರ್ಥ. ಚೀಲಕ್ಕೆ ಕೈಹಾಕಿ ಗೆರೆ ಎಳೆಯಬೇಕು.

ಬರಿಮೋಡ ಕಣ್ಣಿಗೆ ಕಾಣುವುದಿಲ್ಲ. ಮಳೆ ತರುವುದಿಲ್ಲ, ನೆರಳು ಕೊಡುವುದಿಲ್ಲ, ವಾಸನೆಯೂ ಇಲ್ಲ. ಅದು ನಿಂತ ಜಾಗದಲ್ಲಿ ಯಾವುದೂ ಉರಿಯುವುದಿಲ್ಲ, ಅಷ್ಟೇ. ಒಲೆ, ದೀಪ, ಬೀಡಿ, ಕರೆಂಟಿನ ಬಲ್ಬು, ಬ್ಯಾಟರಿ ಯಾವುದೂ. ಮಿಣುಕುಹುಳ ಕೂಡ ಗೆರೆಯ ತನಕ ಮಿಣುಕುತ್ತಾ ಬಂದು, ಒಳಗೆ ಹೋದಕೂಡಲೇ ಆರಿ, ಆಚೆ ಬದಿಯಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ. ಬಂದದ್ದು ಎರಡು ದಿನಕ್ಕೂ ಹೋಗಬಹುದು, ಎರಡು ವರ್ಷ ನಿಂತರೂ ನಿಂತಿತು. ನಮ್ಮೂರಿನ ಮನೆಗಳು ಏಳು ಗುಂಪಾಗಿ ಹರಡಿಕೊಂಡಿವೆ, ಗುಂಪಿಗೂ ಗುಂಪಿಗೂ ನಡುವೆ ಬಯಲು, ಬಯಲಲ್ಲಿ ಒಂದೋ ಎರಡೋ ಮನೆ. ಬಯಲಿನ ಒಂಟಿ ಮನೆಗಳಿಗೆ ಬರಿಮೋಡ ಬಂದದ್ದು ಯಾರಿಗೂ ನೆನಪಿಲ್ಲ. ಅದು ಬರುವುದು ಗುಂಪಿನ ಅಂಚಿಗೇ. ಬಂದು, ಮೂರು ಮನೆಯನ್ನೋ ಐದು ಮನೆಯನ್ನೋ ಮುಚ್ಚಿಕೊಂಡು ಸುಮ್ಮನೆ ನಿಲ್ಲುತ್ತದೆ.

ಒಂದು ವರ್ಷ ನಮ್ಮ ಶಾಲೆಗೆ ಶೇಷಗಿರಿ ಮೇಷ್ಟ್ರು ಎಂಬುವರು ವಿಜ್ಞಾನ ಹೇಳಲು ಬಂದಿದ್ದರು. ಅವರು ಒಂದು ಸಂಜೆ ಚಾವಡಿಯಲ್ಲಿ ಕೂತು ಹೇಳಿದರು: ಆಕಾಶದಲ್ಲಿ ನಕ್ಷತ್ರಗಳ ದೊಡ್ಡ ದೊಡ್ಡ ಸಂಸಾರಗಳಿವೆ, ಅವುಗಳಿಗೆ ಗೆಲಾಕ್ಸಿ ಅಂತಾರೆ, ಅವೂ ನಮ್ಮ ಮನೆಗಳ ಹಾಗೆ ಗುಂಪು ಕಟ್ಟಿಕೊಂಡೇ ಇರುತ್ತವೆ. ಆ ಗುಂಪುಗಳ ಮಗ್ಗುಲಲ್ಲಿ ಅಲ್ಲೊಂದು ಇಲ್ಲೊಂದು ಜಲಜನಕದ ಮೋಡ ನಿಂತಿರುತ್ತದೆ, ಅದರೊಳಗೆ ಒಂದೇ ಒಂದು ನಕ್ಷತ್ರವೂ ಇರುವುದಿಲ್ಲ. ನಕ್ಷತ್ರವಾಗಲು ಬೇಕಾದದ್ದೇ ಜಲಜನಕ. ಸಾಮಾನೆಲ್ಲ ಇದೆ, ಒಲೆ ಮಾತ್ರ ಹತ್ತಿಲ್ಲ. ಕಣ್ಣಿಗೆ ಕಾಣದ್ದರಿಂದ ರೇಡಿಯೋದಂಥ ಯಂತ್ರವಿಟ್ಟು ಕಿವಿಗೊಟ್ಟು ಅದರ ಅಂಚು ಹುಡುಕುತ್ತಾರೆ. ಇಷ್ಟು ಕೇಳಿದ ಪುರಸಭೆಯ ಮೇಸ್ತ್ರಿ ಹಾಲಪ್ಪ ನನ್ನ ಕಡೆ ಕೈ ತೋರಿಸಿ, "ಹಂಗಾರೆ ಅಲ್ಲೂ ನಮ್ ಚಿಕ್ಕತಾಯಮ್ಮನಂಥೋರು ಅವ್ರೆ ಅನ್ನಿ ಮೇಷ್ಟ್ರೆ" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಯಾಕೆ ಹತ್ತಲಿಲ್ಲ ಮೇಷ್ಟ್ರೆ, ಅಷ್ಟೆಲ್ಲ ಇದ್ದೂ?" ಎಂದು ಕೇಳಿದೆ. ಮೇಷ್ಟ್ರು, "ಗೊತ್ತಿಲ್ಲಮ್ಮ. ಹತ್ತಿರದತನಕ ಬಂದಿರುತ್ತವೆ. ಅಷ್ಟು ಗೊತ್ತು" ಎಂದರು. ಮರುವರ್ಷ ಅವರಿಗೆ ವರ್ಗವಾಯಿತು. ಆ ಮಾತು ಮಾತ್ರ ನನ್ನಲ್ಲಿ ಉಳಿದುಕೊಂಡಿತು, ಏಕೆಂದರೆ ಹತ್ತಿರದತನಕ ಬಂದು ನಿಲ್ಲುವುದು ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗೆರೆಯೊಳಗೆ ಸಿಕ್ಕಿಕೊಂಡವರು ಉಪವಾಸ ಬೀಳುವುದಿಲ್ಲ. ಅದಕ್ಕೊಂದು ಪದ್ಧತಿ ಇದೆ. ಒಳಗಿನ ಮನೆಯವರು ಬೇಯಿಸಬೇಕಾದದ್ದನ್ನೆಲ್ಲ ಒಂದು ತಪ್ಪಲೆಗೆ ಹಾಕಿ, ನೀರು ಅಳೆದು ಸುರಿದು, ಉಪ್ಪನ್ನು ಎಲೆಯಲ್ಲಿ ಕಟ್ಟಿ ಮೇಲಿಟ್ಟು, ತಂದು ಗೆರೆಯ ಮೇಲೆ ಇಡುತ್ತಾರೆ. ಗೆರೆಯ ಹೊರಗಿನ ಮೊದಲನೆಯ ಮನೆಯವರು ಅದನ್ನು ಒಯ್ದು ಬೇಯಿಸಿ ತಂದಿಡಬೇಕು. ಒಲ್ಲೆ ಎನ್ನುವಂತಿಲ್ಲ. ಇದೇನು, ಅದೇಕೆ ಎಂದು ಕೇಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರುಚಿ ನೋಡುವಂತಿಲ್ಲ. ರುಚಿ ನೋಡಿದರೆ ಅದು ಬೇಯಿಸಿದವರ ಮನೆಯ ಅಡುಗೆಯಾಗಿಬಿಡುತ್ತದೆ, ಉಣ್ಣುವವರು ಬೇರೆ ಮನೆಯ ಅನ್ನಕ್ಕೆ ಕೈಯೊಡ್ಡಿದ ಹಾಗಾಗುತ್ತದೆ. ಇನ್ನೊಂದು ಕಟ್ಟು: ಗೆರೆಯೊಳಗಿನವರು ತಾವೇ ಕಡ್ಡಿ ಗೀರಿಯೋ ಬಲ್ಬಿನ ಸ್ವಿಚ್ಚು ಒತ್ತಿಯೋ ಪರೀಕ್ಷೆ ಮಾಡಬಾರದು. ಮಾಡಿದರೆ ಗೆರೆ ಎಳೆದವರ ಮುಖಕ್ಕೆ ಉಗಿದಂತೆ. ಹಾಗಾಗಿ ಯಾರೂ ಮಾಡುವುದಿಲ್ಲ. ಒಬ್ಬಳು ಮಾಡಿದ್ದಳು. ಅವಳು ನನ್ನ ಅಕ್ಕ.

ಅಜ್ಜಿಯ ಹೆಸರು ತಾಯಮ್ಮ. ಅಪ್ಪ ಆ ಹೆಸರನ್ನು ಇಬ್ಬರು ಹೆಣ್ಣುಮಕ್ಕಳಿಗೂ ಹಂಚಿದ. ಅಕ್ಕ ದೊಡ್ಡತಾಯಮ್ಮ, ನಾನು ಚಿಕ್ಕತಾಯಮ್ಮ. ಮೂರನೆಯ ಗುಂಪಿನಲ್ಲಿ ನಮ್ಮದು ಎದುರುಬದುರು ಮನೆ. ಅವ್ವನ ದೊಡ್ಡ ಮನೆ ಅಕ್ಕನದು, ಅದರ ಹಿತ್ತಲಲ್ಲಿ ಪುರಿಭಟ್ಟಿ. ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ, ಹದಮಾಡಿದ ಅಕ್ಕಿ ಎರಚಿ, ಅದು ಅರಳಿ ಎದ್ದಕೂಡಲೇ ಜರಡಿಗೆ ಬಾಚಿಕೊಳ್ಳುವುದರಲ್ಲಿ ಅಕ್ಕನ ಕೈ ಇಡೀ ಊರಿಗೆ ಹೆಸರಾಗಿತ್ತು. ಭಾವ ತೀರಿಕೊಂಡ ಮೇಲೂ, ಮಗಳು ಮದುವೆಯಾಗಿ ಬೇರೆ ಊರು ಸೇರಿದ ಮೇಲೂ ಅವಳು ಒಬ್ಬಳೇ ಭಟ್ಟಿ ನಡೆಸಿದಳು. ನಾನು ಎದುರಿನ ಅಪ್ಪನ ಪುಟ್ಟ ಮನೆಯಲ್ಲಿ. ಮದುವೆ ಆಗಲಿಲ್ಲ, ಆಗಬೇಕೆಂದು ಅಂಥ ಆಸೆಯೂ ಇರಲಿಲ್ಲ. ಇಬ್ಬರ ಬಾಗಿಲಿಗೂ ನಡುವೆ ಹದಿನಾರು ಹೆಜ್ಜೆ. ಹೆಜ್ಜೆ ಎಣಿಸುವುದು ನನ್ನ ಕಸುಬು, ಅದಕ್ಕೇ ಅಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಆ ಹದಿನಾರು ಹೆಜ್ಜೆಯ ಆಚೆ ಈಚೆ ನಾವಿಬ್ಬರೂ ಹತ್ತೊಂಬತ್ತು ವರ್ಷ ಮಾತು ಬಿಟ್ಟು ಬದುಕಿದೆವು.

ಅವ್ವ ಸಾಯುವ ಹೊತ್ತಿಗೆ ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅವ್ವ ಹಾಸಿಗೆ ಹಿಡಿದು ಹದಿನೈದು ದಿನವಾಗಿತ್ತು, ಆ ಬೆಳಗ್ಗೆ ಕೈಕಾಲು ತಣ್ಣಗಾಗತೊಡಗಿದ್ದವು. ಅದೇ ಹೊತ್ತಿಗೆ ಗುಂಪಿನ ಅಂಚಿನಲ್ಲಿ ಒಲೆ ಹತ್ತುತ್ತಿಲ್ಲವೆಂದು ಕೂಗೆದ್ದಿತು. ನಾನು ಅವ್ವನ ಬೆರಳು ಬಿಡಿಸಿಕೊಂಡು ಚೀಲ ಹೊತ್ತು ಹೊರಟೆ. ಗಾಳಿ ಇತ್ತು. ಎಲ್ಲ ಮನೆಗಳ ಮುಂದೆಯೂ ಮೂರು ಮೂರು ಗೀರಿದೆ. ಕೊನೆಗೆ ನಮ್ಮ ಮನೆಯ ಮುಂದೆ ಬಂದಾಗ ಒಳಗಿನಿಂದ ಅಕ್ಕ, "ಬೇಗ ಬಾರೇ, ಬೇಗ ಬಾ" ಎಂದು ಕೂಗಿದಳು. ಒಂದು ಕಡ್ಡಿ ಗೀರಿದೆ. ಹತ್ತಲಿಲ್ಲ. ಅವ್ವನ ಮನೆಯನ್ನು ಒಳಗೆ ಸೇರಿಸಿ ಬೀದಿಯ ನಡುವೆ ಗೆರೆ ಎಳೆದು ಒಳಗೆ ಓಡಿದೆ.

ಅವ್ವ ದೀಪ ಕೇಳಿದಳು. ತಲೆದೆಸೆಯಲ್ಲಿ ದೀಪ ಹಚ್ಚದೆ ಯಾರನ್ನೂ ಕಳಿಸಿಕೊಡುವ ರೂಢಿ ನಮ್ಮಲ್ಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. "ಮನೆ ಒಳಗೈತಾ? ಮೂರೂ ಗೀರಿದ್ಯಾ?" ಎಂದಳು. "ಗೀರ್ದೆ ಕಣಕ್ಕ" ಎಂದೆ. ಹಾಗಾದರೆ ಗೆರೆ ದಾಟಿಸಿ ನನ್ನ ಮನೆಗೆ ಒಯ್ಯೋಣವೆಂದು ನೆರೆಯವರು ನಾಲ್ಕು ಜನ ಮಂಚ ಎತ್ತಿದರು. ಬೀದಿಯ ನಡುವೆ, ಸರಿಯಾಗಿ ಸುಣ್ಣದ ಗೆರೆಯ ಮೇಲೆ, ಅವ್ವ ಹೋದಳು. ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ತಲೆದೆಸೆಯಲ್ಲಿ ದೀಪವಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಅಕ್ಕ ನನ್ನ ಬಾಗಿಲಿಗೆ ಬಂದಳು. ಅವಳ ಕೈಯಲ್ಲೊಂದು ಅರ್ಧ ಸುಟ್ಟ ಕಡ್ಡಿ ಇತ್ತು. "ಅವ್ವ ಮಲಗಿದ್ ಜಾಗದಲ್ಲಿ ಗೀರಿ ನೋಡ್ದೆ. ಹತ್ತಿತು. ನಿಜ ಹೇಳೇ, ಮೂರೂ ಗೀರಿದ್ಯಾ?" ಎಂದು ಕೇಳಿದಳು. ನಾನು ಆಗ ಒಂದು ಎಂದಿದ್ದರೆ ಅಕ್ಕ ಕೆನ್ನೆಗೆ ಹೊಡೆಯುತ್ತಿದ್ದಳು, ಆಮೇಲೆ ಇಬ್ಬರೂ ಅಳುತ್ತಿದ್ದೆವು, ಅಲ್ಲಿಗೆ ಮುಗಿಯುತ್ತಿತ್ತು. ನಾನು, "ಗೀರ್ದೆ. ಸಂಜೆಗೆ ಮೋಡ ಸರಿದಿರಬೇಕು" ಎಂದೆ. ಅಕ್ಕ ಆ ಕಡ್ಡಿಯನ್ನು ನನ್ನ ಹೊಸಿಲ ಮೇಲಿಟ್ಟು ಹೋದಳು. ಮತ್ತೆ ಮಾತಾಡಲಿಲ್ಲ.

ಮಾತಿಲ್ಲದೆ ಬದುಕುವುದೂ ರೂಢಿಯಾಗುತ್ತದೆ. ಅವಳು ನೀರಿಗೆ ಹೋಗುವ ಹೊತ್ತಿಗೆ ನಾನು ಹೋಗುತ್ತಿರಲಿಲ್ಲ. ಅವಳ ಮಗಳ ಮದುವೆಯ ದಿನ ನಾನು ಏಳನೆಯ ಗುಂಪಿನಲ್ಲಿ ಇಲ್ಲದ ಮೋಡ ಹುಡುಕುತ್ತಾ ಸಂಜೆಯತನಕ ತಿರುಗಿದೆ. ಅಕ್ಕನ ಪುರಿ ತಿನ್ನಬೇಕೆನಿಸಿದಾಗ ಪಕ್ಕದ ಮನೆಯ ಮಲ್ಲಾಜಮ್ಮನ ಕೈಲಿ ತರಿಸುತ್ತಿದ್ದೆ. ಯಾರಿಗೆಂದು ಅಕ್ಕ ಕೇಳುವುದಿಲ್ಲವೆಂದೂ, ಆದರೆ ಒಂದು ಬೊಗಸೆ ಹೆಚ್ಚಿಗೆ ಹಾಕುತ್ತಾಳೆಂದೂ ಮಲ್ಲಾಜಮ್ಮ ಹೇಳುತ್ತಿದ್ದಳು. ಮಲ್ಲಾಜಮ್ಮನ ಮಾತಿನಲ್ಲಿ ಅರ್ಧ ಅವಳ ಸ್ವಂತದ್ದೇ ಇರುತ್ತದೆ. ಆದರೂ ಆ ಅರ್ಧವನ್ನು ಕೇಳಬೇಕೆಂದೇ ನಾನು ಪುರಿ ತರಿಸುತ್ತಿದ್ದೆನೇನೋ.

ಹತ್ತೊಂಬತ್ತನೆಯ ವರ್ಷ ಭಾದ್ರಪದದಲ್ಲಿ ಬರಿಮೋಡ ಮತ್ತೆ ನಮ್ಮ ಗುಂಪಿಗೆ ಬಂತು. ಅಕ್ಕನ ಮನೆ, ಅದರ ಹಿಂದಿನ ನಾಲ್ಕು ಮನೆ ಒಳಗೆ ಬಂದವು. ಅಕ್ಕನ ಬಾಗಿಲಿನಿಂದ ಏಳನೆಯ ಹೆಜ್ಜೆಗೆ ನಾನು ಮೂರೂ ಕಡ್ಡಿ ಗೀರಿದೆ. ಒಂದೂ ಹತ್ತಲಿಲ್ಲ. ಮಲ್ಲಾಜಮ್ಮನನ್ನು ಕರೆದು ಅವಳೆದುರಿಗೆ ಇನ್ನೂ ಮೂರು ಗೀರಿದೆ. ಆಮೇಲೆ ಗೆರೆ ಎಳೆದೆ. ಹಿಂದಿನ ನಾಲ್ಕು ಮನೆಯವರ ತಪ್ಪಲೆಗಳು ಹಿಂದಿನ ಬೀದಿಗೆ ಹೋಗುತ್ತಿದ್ದವು. ಅಕ್ಕನ ಮನೆಗೆ ಗೆರೆಯ ಹೊರಗಿನ ಮೊದಲನೆಯ ಮನೆ ನನ್ನದೇ.

ಅವತ್ತು ಮಧ್ಯಾಹ್ನದವರೆಗೆ ತಪ್ಪಲೆ ಬರಲಿಲ್ಲ. ಹಸಿದುಕೊಂಡಾದರೂ ಇದ್ದಾಳು, ನನಗೆ ಕಳಿಸಲಾರಳು ಎಂದುಕೊಂಡೆ. ಒಂದು ಗಂಟೆಯ ಹೊತ್ತಿಗೆ ಅಕ್ಕ ಬಂದು, ನನ್ನ ಬಾಗಿಲ ಕಡೆ ನೋಡದೆ, ಗೆರೆಯ ಮೇಲೆ ತಪ್ಪಲೆ ಇಟ್ಟು ಹೋದಳು. ಅವ್ವನ ತಪ್ಪಲೆ. ಒಂದು ಕಡೆ ನಗ್ಗಿದ್ದು, ಆ ನಗ್ಗು ನಾನೇ ಚಿಕ್ಕವಳಿದ್ದಾಗ ಬಾವಿಕಟ್ಟೆಯ ಮೇಲೆ ಬೀಳಿಸಿ ಮಾಡಿದ್ದು. ಒಳಗೆ ಅಕ್ಕಿ, ತೊಗರಿಬೇಳೆ, ಹೆಚ್ಚಿದ ನುಗ್ಗೆಸೊಪ್ಪು, ಖಾರದಪುಡಿ. ಮೇಲೆ ಎಲೆಯಲ್ಲಿ ಉಪ್ಪು. ಒಲೆಯ ಮೇಲಿಟ್ಟು ನಾನು ಅದರೆದುರಿಗೇ ಕೂತುಬಿಟ್ಟೆ. ಕುದಿ ಬಂದಾಗ ಮೂಗಿಗೆ ಬಡಿದ ಆ ವಾಸನೆ ಅವ್ವನ ಖಾರದಪುಡಿಯದು. ನಾನು ಅದನ್ನು ಮಾಡಲು ಎಷ್ಟೋ ಸಲ ನೋಡಿ ಸೋತಿದ್ದೆ, ಏಕೆಂದರೆ ಅದರ ಅಳತೆ ಗೊತ್ತಿದ್ದದ್ದು ಅಕ್ಕನಿಗೊಬ್ಬಳಿಗೇ. ಸೌಟಿನ ತುದಿ ನೆಕ್ಕಬೇಕೆಂಬ ಆಸೆ ತಡೆಯಲಾರದಷ್ಟಾಯಿತು. ನೆಕ್ಕಲಿಲ್ಲ. ಒಮ್ಮೆ ಸುಳ್ಳು ಹೇಳಿದವಳು ನಾನು, ಇನ್ನು ಈ ಕಟ್ಟನ್ನಾದರೂ ಮುರಿಯಬಾರದೆಂದು ಹಲ್ಲು ಕಚ್ಚಿಕೊಂಡೆ.

ಹೀಗೆ ದಿನಕ್ಕೊಂದು ತಪ್ಪಲೆ. ಇಟ್ಟು ಹೋಗುವವಳು ಅವಳು, ಬೇಯಿಸಿ ಇಟ್ಟು ಬರುವವಳು ನಾನು. ಮಾತಿಲ್ಲ, ಕಣ್ಣು ಕೂಡುವುದಿಲ್ಲ. ಆದರೂ ನನ್ನ ದಿನಕ್ಕೆ ಒಂದು ನಡುಮಧ್ಯಾಹ್ನ ಬಂತು. ಇವತ್ತು ಏನು ಹೆಚ್ಚಿರುತ್ತಾಳೆ ಎಂದು ಬೆಳಗಿನಿಂದ ಕಾಯುವೆ. ಹುರುಳಿಕಾಳು ಬಂದರೆ ಅವಳಿಗೆ ಮೈ ನೋವೆಂದು ತಿಳಿಯುವೆ. ಕಾಳು ಸರಿಯಾಗಿ ನೆನೆದಿರದಿದ್ದರೆ ಯಾವುದೋ ಯೋಚನೆಯಲ್ಲಿದ್ದಳು ಎಂದುಕೊಳ್ಳುವೆ. ಬೆಂದ ತಪ್ಪಲೆಯನ್ನು ಸೆರಗಿನಲ್ಲಿ ಹಿಡಿದು ಒಂಬತ್ತು ಹೆಜ್ಜೆ ನಡೆಯುವಾಗ, ಇನ್ನು ಏಳು ನಡೆದರೆ ಅವಳ ಬಾಗಿಲು ಎಂದು ದಿನವೂ ಅನಿಸುತ್ತಿತ್ತು. ದಿನವೂ ಒಂಬತ್ತಕ್ಕೇ ನಿಂತೆ. ಸಂಜೆ ಅವಳು ಜಗಲಿಯ ಅಂಚಿನಲ್ಲಿ ತಪ್ಪಲೆ ತೊಳೆಯುವುದನ್ನು ಕಿಟಕಿಯಿಂದ ನೋಡುತ್ತಿದ್ದೆ, ತಳದಿಂದ ಒಂದಗುಳೂ ಬೀಳುತ್ತಿರಲಿಲ್ಲ.

ಪುಷ್ಯದಲ್ಲಿ ಅವ್ವನ ವರ್ಷದ ದಿನ ಬಂತು. ಅವತ್ತು ತಪ್ಪಲೆಯ ಮುಚ್ಚಳ ತೆಗೆದರೆ ಹಿತಕಿದ ಅವರೆಬೇಳೆ. ರಾತ್ರಿಯೆಲ್ಲ ನೆನೆಸಿದ ಕಾಳನ್ನು ಒಂದೊಂದಾಗಿ ಚಿವುಟಿ ಸಿಪ್ಪೆ ಬಿಡಿಸಬೇಕು. ಅವ್ವನಿದ್ದಾಗ ನಾವಿಬ್ಬರೂ ಎದುರುಬದುರು ಕೂತು ಬಿಡಿಸುತ್ತಿದ್ದೆವು, ನಾನು ಕಾಳು ಚಿಮ್ಮಿಸಿ ಅಕ್ಕನ ಮುಖಕ್ಕೆ ಹೊಡೆಯುತ್ತಿದ್ದೆ. ಅವಳು ಒಬ್ಬಳೇ ಅಷ್ಟನ್ನೂ ಬಿಡಿಸಿದ್ದಾಳೆ. ಉಪ್ಪಿನ ಎಲೆಗೆ ಕೈ ಹಾಕಿದೆ. ಇರಲಿಲ್ಲ. ತಪ್ಪಲೆಯ ಸುತ್ತ, ಗೆರೆಯ ಹತ್ತಿರ, ದಾರಿಯಲ್ಲಿ ಎಲ್ಲ ಹುಡುಕಿದೆ. ಇಲ್ಲ. ಮರೆತಳೇ? ಅಕ್ಕ ಉಪ್ಪು ಮರೆಯುವವಳಲ್ಲ. ಉಪ್ಪು ನನ್ನ ಕೈಯಿಂದಲೇ ಬೀಳಲಿ ಎಂದು ಬಿಟ್ಟಿದ್ದಾಳೆ ಎಂದುಕೊಂಡೆ. ನನ್ನ ಡಬ್ಬಿಯ ಉಪ್ಪನ್ನು ಮೂರು ಬೆರಳಲ್ಲಿ ಎತ್ತಿ, ಅವ್ವ ಹಾಕುತ್ತಿದ್ದ ಹಾಗೆ ಮೂರು ಸಲ ಹಾಕಿದೆ. ರುಚಿ ನೋಡುವಂತಿಲ್ಲ, ಹೆಚ್ಚೋ ಕಡಿಮೆಯೋ ತಿಳಿಯುವಂತಿಲ್ಲ. ಸಂಜೆ ಅವಳು ತೊಳೆಯುವಾಗ ಒಂದಗುಳೂ ಬೀಳಲಿಲ್ಲ, ಮರುದಿನ ತಪ್ಪಲೆ ಮತ್ತೆ ಉಪ್ಪಿಲ್ಲದೆ ಬಂತು. ಅದರ ಮರುದಿನವೂ ಹಾಗೇ. ಅಲ್ಲಿಂದಾಚೆಗೆ ಉಪ್ಪು ನನ್ನದೇ. ನಾನು ಅಷ್ಟು ಸಂತೋಷವಾಗಿದ್ದ ದಿನಗಳು ನನ್ನ ಆಯುಸ್ಸಿನಲ್ಲಿ ಬಹಳ ಇಲ್ಲ.

ಒಂದು ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ಎಂದಿನಂತೆ ಏಳನೆಯ ಹೆಜ್ಜೆಯಲ್ಲಿ ನಿಂತು ಕಡ್ಡಿ ಗೀರಿದೆ. ಹತ್ತಿಕೊಂಡಿತು. ಎರಡನೆಯದೂ ಹತ್ತಿತು. ಅಕ್ಕನ ಜಗಲಿಯವರೆಗೂ ಹೋಗಿ ಗೀರಿದೆ, ಹತ್ತಿತು. ಗೋಡೆಯ ಪಕ್ಕದ ಓಣಿಗೆ ಹೋಗಿ ಹಿತ್ತಲ ಭಟ್ಟಿಯ ಹಿಂದೆ ಗೀರಿದೆ, ಅಲ್ಲೂ ಹತ್ತಿತು. ಮೋಡ ಹಿಂದಕ್ಕೆ ಸರಿದು ಆ ನಾಲ್ಕು ಮನೆಗಳ ಮೇಲೆ ಮಾತ್ರ ಉಳಿದಿತ್ತು. ಅಕ್ಕನ ಮನೆ ಬಿಡುಗಡೆಯಾಗಿತ್ತು. ನಾನು ಬೀದಿಗೆ ವಾಪಸು ಬಂದು ನಿಂತೆ. ಇವತ್ತು ಮಧ್ಯಾಹ್ನ ತಪ್ಪಲೆ ಬರುವುದಿಲ್ಲ. ನಾಳೆಯೂ ಬರುವುದಿಲ್ಲ. ಇನ್ನು ಯಾವತ್ತೂ ಬರುವುದಿಲ್ಲ. ಇಷ್ಟು ಯೋಚಿಸಿದ್ದಷ್ಟೇ ನೆನಪು. ಕೈ ಚೀಲದೊಳಗೆ ಹೋಗಿತ್ತು. ನಿನ್ನೆಯ ಗೆರೆಯ ಮೇಲೇ ಇವತ್ತಿನ ಗೆರೆ ಎಳೆದು ಮನೆಗೆ ಬಂದೆ.

ಇಪ್ಪತ್ತಮೂರು ದಿನ ಹಾಗೆ ಮಾಡಿದೆ. ಪ್ರತಿದಿನ ಬೆಳಗ್ಗೆ ಇವತ್ತೇ ಕೊನೆ ಎಂದುಕೊಳ್ಳುವೆ, ಮಧ್ಯಾಹ್ನ ತಪ್ಪಲೆಯ ಮುಚ್ಚಳ ತೆಗೆದಾಗ ನಾಳೆ ನೋಡೋಣ ಎಂದುಕೊಳ್ಳುವೆ. ನಾನು ಮಾಡುತ್ತಿರುವುದು ಏನೆಂದು ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅಕ್ಕನ ಭಟ್ಟಿ ತಣ್ಣಗೆ ಬಿದ್ದಿತ್ತು. ಊರಿನ ಮಕ್ಕಳು ಪುರಿಯ ರುಚಿ ಮರೆತಿದ್ದರು. ಹದಮಾಡಿಟ್ಟ ಮೂಟೆಗಟ್ಟಲೆ ಅಕ್ಕಿಯನ್ನು ಅಕ್ಕ ದಿನ ಬಿಟ್ಟು ದಿನ ಅಂಗಳದಲ್ಲಿ ಹರವಿ ಬಿಸಿಲಿಗೆ ಹಾಕಿ, ನುಸಿ ಆರಿಸುತ್ತಾ ಕೂತಿರುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳ ಬೆನ್ನು ಬಾಗಿದ್ದು ಕಾಣುತ್ತಿತ್ತು. ಕಂಡೂ ಮರುದಿನ ಗೆರೆ ಎಳೆದೆ.

ಇಪ್ಪತ್ತಮೂರನೆಯ ದಿನ ಸಂಜೆ ಮಲ್ಲಾಜಮ್ಮ ಬಂದು ನನ್ನ ಜಗಲಿಯ ಮೇಲೆ ಕಾಲು ಚಾಚಿ ಕೂತಳು. "ನಿಮ್ಮಕ್ಕ ಭಟ್ಟಿ ಕೆಡವಿಸ್ತಾಳಂತೆ ಕಣೇ. ನಾಳಿದ್ದು ಆಳು ಬರ್ತಾನಂತೆ" ಎಂದಳು.

"ಯಾಕಂತೆ?"

"ಇನ್ನೇನ್ ಮಾಡ್ತಾಳೆ? ಮೋಡ ಈ ಜನ್ಮಕ್ಕೆ ಹೋಗಲ್ಲ ಅಂತವ್ಳೆ. ಮಗಳು ಬಾ ಬಾ ಅಂತ ಒಂದೇ ಸಮ ಕರೀತವ್ಳಂತೆ. ಮನೆಗೆ ಬೀಗ ಹಾಕಿ ಹೋಗ್ತಾಳಂತೆ. ಪಾಪ, ಭಟ್ಟಿ ಇಲ್ದೆ ಅವ್ಳು ಅವಳಂಗೇ ಇಲ್ಲ ನೋಡು."

ಆ ಸಂಜೆ ನಾನು ಒಲೆ ಹಚ್ಚಲಿಲ್ಲ. ಗೆರೆ ಉಳಿಸಿಕೊಂಡರೆ ಅಕ್ಕ ಊರು ಬಿಡುತ್ತಾಳೆ, ಅಳಿಸಿದರೆ ತಪ್ಪಲೆ ನಿಲ್ಲುತ್ತದೆ. ಸುಮ್ಮನೆ ಅಳಿಸಿ, ಮೋಡ ಇವತ್ತು ಹೋಯಿತು ಎಂದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಭಟ್ಟಿ ಉಳಿಯುತ್ತದೆ, ಅಕ್ಕ ಉಳಿಯುತ್ತಾಳೆ, ನಾನು ಮತ್ತೆ ಕಿಟಕಿಯಲ್ಲಿ ಕೂರುತ್ತೇನೆ. ಆ ದಾರಿ ಬಹಳ ಸಲೀಸಾಗಿ ಕಂಡಿತು. ಹತ್ತೊಂಬತ್ತು ವರ್ಷದ ಹಿಂದೆಯೂ ಅಂಥದೇ ಸಲೀಸಾದ ಮಾತೊಂದು ಬಾಯಿಗೆ ಬಂದಿತ್ತು.

ಬೆಳಗ್ಗೆ ಸುಣ್ಣದ ಚೀಲ ಮನೆಯಲ್ಲೇ ಬಿಟ್ಟು ಹೋದೆ. ಏಳನೆಯ ಹೆಜ್ಜೆಯ ಗೆರೆಯನ್ನು ಕಾಲಿನಿಂದ ತಿಕ್ಕಿದೆ. ಐದು ತಿಂಗಳ ಸುಣ್ಣ, ಬೇಗ ಹೋಗಲಿಲ್ಲ. "ಅಕ್ಕಾ" ಎಂದು ಕರೆದೆ. ಇನ್ನೊಂದು ಸಲ ಕರೆದೆ.

ಅಕ್ಕ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತು. ಹುಬ್ಬು ಕೂಡ ಬೆಳ್ಳಗಾಗಿತ್ತು. "ಏ‌ನು?" ಎಂದಳು.

"ಮೋಡ ಹೋಗೈತೆ ಅಕ್ಕ."

"ಯಾವಾಗ?"

"ಇಪ್ಪತ್ಮೂರು ದಿನ ಆಯ್ತು."

ಅವಳು ನನ್ನ ಕಾಲ ಕೆಳಗಿನ ಸುಣ್ಣ ನೋಡಿದಳು. "ದಿನಾ ಗೆರೆ ಎಳೀತಿದ್ಯಲ್ಲ?"

"ಎಳೀತಿದ್ದೆ. ತಪ್ಪಲೆ ಬರ್ಲಿ ಅಂತ."

ಮೊರವನ್ನು ಅಕ್ಕ ಜಗಲಿಯ ಮೇಲೆ ಎಸೆದಳು. ಅಕ್ಕಿ ಚೆಲ್ಲಿತು. "ಎರಡು ಮೂಟೆ ಅಕ್ಕಿ ನುಸಿ ತಿಂತು. ನಾಳೆ ಭಟ್ಟಿ ಕೆಡವೋಕೆ ಆಳಿಗೆ ಹೇಳಿದೀನಿ. ಅತ್ತು ಅತ್ತು ಹೇಳಿದೀನಿ ಕಣೇ. ನೀನು ತಪ್ಪಲೆ ಬರ್ಲಿ ಅಂತ ಕೂತಿದ್ಯಾ? ತಪ್ಪಲೆ!"

ಆದರೂ ಕೇಳಬೇಕೆನಿಸಿದ್ದನ್ನು ಕೇಳಿಬಿಟ್ಟೆ. "ನೀನು ಒಂದ್ಸಲ ಗೀರಿ ನೋಡ್ಬೋದಿತ್ತಲ್ಲಕ್ಕ. ನನ್ನ ಗೆರೆ ನಂಬೋ ಹಂಗಿಲ್ಲ ಅಂತ ಊರಿಗೆಲ್ಲ ಗೊತ್ತಿಲ್ದಿದ್ರೂ ನಿನಗೆ ಗೊತ್ತಿತ್ತು."

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಒಂದ್ಸಲ ಗೀರಿ ನೋಡಿ ತಂಗೀನ ಕಳ್ಕೊಂಡೆ. ಇನ್ನೊಂದ್ಸಲ ಗೀರಿ ಏನು ಕಳ್ಕೊಳ್ಲಿ?" ಎಂದಳು.

ಆಗ ಹೇಳಿದೆ. "ಅವತ್ತು ಒಂದೇ ಕಡ್ಡಿ ಗೀರಿದ್ದು ಅಕ್ಕ. ಒಂದೇ. ಅವ್ವನ ಹತ್ರ ಬರೋಕೆ ಅವಸರ ಆಗಿತ್ತು."

ಅವಳು ಬಯ್ಯುತ್ತಾಳೆಂದು ಕಾದೆ. ಅಕ್ಕ ಜಗಲಿಯ ಮೇಲೆ, ಚೆಲ್ಲಿದ ಅಕ್ಕಿಯ ಪಕ್ಕದಲ್ಲೇ ಕೂತಳು. "ನಾನೇ ಕೂಗಿದ್ದೆ, ಬೇಗ ಬಾರೇ ಅಂತ" ಎಂದಳು. ನನ್ನನ್ನು ನೋಡಿ ಹೇಳಲಿಲ್ಲ, ಬೀದಿಯನ್ನು ನೋಡಿ ಹೇಳಿದಳು. "ನೀನು ಮರ್ತಿದ್ದೀಯೇನೋ. ನಂಗೆ ದಿನಾ ಕೇಳಿಸ್ತದೆ."

ನಾನು ಮರೆತಿರಲಿಲ್ಲ. ಆದರೆ ಆ ಕೂಗನ್ನು ಅವಳೂ ಹೊತ್ತುಕೊಂಡಿದ್ದಾಳೆ ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. "ಗಾಳಿ ಇತ್ತು ಕಣಕ್ಕ ಅವತ್ತು" ಎಂದೆ. ಅದು ನಿಜವೇ ಆಗಿತ್ತು.

ಅಕ್ಕ ಎದ್ದು ಕೈಚಾಚಿದಳು. "ಕಡ್ಡಿಪೆಟ್ಟಿಗೆ ಕೊಡು." ಮಡಿಲಿನಿಂದ ತೆಗೆದು ಕೊಟ್ಟೆ. ಅವಳು ಏಳು ಹೆಜ್ಜೆ ನಡೆದು ಬಂದು, ಅವ್ವ ಹೋದ ಜಾಗದಲ್ಲಿ, ಅರ್ಧ ಅಳಿಸಿದ ಸುಣ್ಣದ ಮೇಲೆ ನಿಂತಳು. ಒಂದು ಗೀರಿದಳು. ಹತ್ತಿತು. ಬೆರಳಿಗೆ ಬಿಸಿ ತಾಗುವವರೆಗೂ ಹಿಡಿದುಕೊಂಡಿದ್ದು ಬಿಟ್ಟಳು. ಇನ್ನೊಂದು ಗೀರಿದಳು, ಅದನ್ನೂ ಹಾಗೇ. ಮೂರನೆಯದನ್ನು ಹಗಲ ಬೆಳಕಿನಲ್ಲಿ ಉರಿ ಕಾಣದಷ್ಟು ಸಣ್ಣದಾಗುವ ತನಕ ನಾವಿಬ್ಬರೂ ನೋಡುತ್ತಾ ನಿಂತೆವು. "ಮೂರು" ಎಂದಳು ಅಕ್ಕ. ಆಮೇಲೆ, "ಭಟ್ಟಿ ಹಚ್ಬೇಕು, ನಡಿ" ಎಂದು ಪೆಟ್ಟಿಗೆಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಡಿ ಎಂದದ್ದು ನಿನ್ನ ಮನೆಗೆ ನಡಿ ಎಂದು. ಅದು ನನಗೆ ಅರ್ಥವಾಯಿತು.

ಒಂದು ಗಂಟೆಯೊಳಗೆ ಬೀದಿಯೆಲ್ಲ ಕಾದ ಮರಳಿನ ವಾಸನೆ ಹಬ್ಬಿತು. ಪುರಿ ಅರಳುವ ಸದ್ದು ಕೇಳಿ ಮಕ್ಕಳು ಓಡಿ ಬಂದರು. ನಾನು ಮೇಸ್ತ್ರಿ ಹಾಲಪ್ಪನ ಹತ್ತಿರ ಹೋಗಿ ಎಲ್ಲ ಹೇಳಿ ಸುಣ್ಣದ ಚೀಲ ಒಪ್ಪಿಸಿದೆ. ಅವನು ಬಾಯಿಗೆ ಬಂದಂತೆ ಬೈದ. ಬೈಯಬೇಕಾದದ್ದೇ. ಅಂದಿನಿಂದ ನಮ್ಮೂರಿನಲ್ಲಿ ಗೆರೆ ಎಳೆಯಲು ಇಬ್ಬರು ಹೋಗಬೇಕೆಂದು ನಿಯಮವಾಗಿದೆ.

ಮಧ್ಯಾಹ್ನ ತಪ್ಪಲೆ ಬರಲಿಲ್ಲ. ಬರಬೇಕಾದ ಕಾರಣವೇ ಇರಲಿಲ್ಲ. ಮರುದಿನವೂ ಬರಲಿಲ್ಲ. ನಾನು ಒಬ್ಬಳಿಗೆ ಅಕ್ಕಿ ತೆಗೆಯಲು ಹೋದರೆ ಕೈ ಇಬ್ಬರ ಅಳತೆ ತೆಗೆಯುತ್ತಿತ್ತು. ಒಂದು ಗಂಟೆಯಾದಕೂಡಲೇ ಕಾಲು ತಾನಾಗಿ ಬಾಗಿಲಿಗೆ ಹೋಗುತ್ತಿತ್ತು. ಬೀದಿಯಲ್ಲಿ ಗೆರೆಯಿಲ್ಲ, ಸುಣ್ಣದ ಬಿಳುಪು ಮಾತ್ರ ಮಣ್ಣಿನಲ್ಲಿ ಇನ್ನೂ ಉಳಿದಿತ್ತು. ಹಿಂದಿನ ನಾಲ್ಕು ಮನೆಗಳಿಂದಲೂ ಮೋಡ ಹೊರಟುಹೋಯಿತೆಂದು ಮಲ್ಲಾಜಮ್ಮ ಹೇಳಿದಳು. ಎಲ್ಲಿಗೆ ಹೋಗುತ್ತದೋ. ಬೇರೆ ಯಾವ ಗುಂಪಿನ ಅಂಚಿಗೋ. ಆ ಮೋಡದ ಬಗ್ಗೆ ನನಗೆ ಅಯ್ಯೋ ಅನಿಸಿತು. ಹನ್ನೊಂದು ದಿನ ಹೀಗೆ ಕಳೆಯಿತು, ನಾನು ಆಸೆ ಬಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೆರಡನೆಯ ದಿನ ಒಂದು ಗಂಟೆಗೆ ಬಾಗಿಲು ತೆಗೆದರೆ ತಪ್ಪಲೆ ಇತ್ತು. ಬೀದಿಯ ನಡುವೆಯಲ್ಲ, ನನ್ನ ಹೊಸಿಲ ಮೇಲೆ. ಅವ್ವನ ತಪ್ಪಲೆ, ಅದೇ ನಗ್ಗು. ಅಕ್ಕಿ, ಬೇಳೆ, ನುಗ್ಗೆಸೊಪ್ಪು, ಖಾರದಪುಡಿ. ಮುಚ್ಚಳದ ಮೇಲೆ ಎಲೆಯಿಲ್ಲ, ಉಪ್ಪಿಲ್ಲ. ಎದುರು ಮನೆಯ ಹಿತ್ತಲಲ್ಲಿ ಭಟ್ಟಿ ಧಗಧಗ ಉರಿಯುತ್ತಿತ್ತು. ಅವಳಿಗೆ ನನ್ನ ಒಲೆಯ ಅಗತ್ಯ ಎಳ್ಳಷ್ಟೂ ಇರಲಿಲ್ಲ.

ಒಯ್ದು ಒಲೆಯ ಮೇಲಿಟ್ಟೆ. ಕುದಿ ಬಂದಾಗ ಮೂರು ಬೆರಳ ಉಪ್ಪು ಮೂರು ಸಲ ಹಾಕಿದೆ, ದಿನವೂ ಹಾಕುತ್ತಿದ್ದ ಹಾಗೆ. ಬೆಂದಮೇಲೆ ಇಳಿಸುವಾಗ ನೆನಪಾಯಿತು, ಈಗ ಗೆರೆಯಿಲ್ಲ. ಗೆರೆಯಿಲ್ಲದಿದ್ದರೆ ಆ ಕಟ್ಟೂ ಇಲ್ಲ. ಸೌಟಿನ ತುದಿಯಿಂದ ಒಂದಿಷ್ಟು ಅಂಗೈಗೆ ಹಾಕಿಕೊಂಡು ಬಾಯಿಗಿಟ್ಟೆ.

ಉಪ್ಪು ವಿಪರೀತವಾಗಿತ್ತು. ಬಾಯಿಗಿಡಲಾಗದಷ್ಟು. ಪುಷ್ಯದಿಂದ ಒಂದು ದಿನವೂ ಬಿಡದೆ ನಾನು ಅಷ್ಟೇ ಹಾಕುತ್ತಾ ಬಂದಿದ್ದೆ, ಅಕ್ಕ ಒಂದು ದಿನವೂ ಒಂದಗುಳೂ ಬಿಡದೆ ಉಂಡಿದ್ದಳು.